ನಮ್ಮ ಊರ ಸುತ್ತಿನ ಹೆಸರುಗಳು

ತಲಘಟ್ಟಪುರದಿಂದ ಕಾಲೇಜಿಗೆ ಬರುವ ದಾರಿಯಲ್ಲಿ ನನಗೊಂದು ದುರಭ್ಯಾಸ ಅಂಟಿಕೊಂಡಿದೆ. ರೈಲಿನಲ್ಲಿ ನಿಲ್ದಾಣದ ಹೆಸರನ್ನು ಕೂಗಿದೊಡನೆ ಅದನ್ನು ಬಿಡಿಸಿ ಅರ್ಥ ಹುಡುಕುತ್ತೇನೆ. ಮೆಟ್ರೋ ರೈಲು ನಮ್ಮೂರಿಗೆ ಬಂದದ್ದು 2021ರ ಜನವರಿಯಲ್ಲಿ. ಅದು ಕೂಗುವ ಹೆಸರುಗಳಾದರೋ ಎಷ್ಟೋ ತಲೆಮಾರುಗಳಷ್ಟು ಹಳೆಯವು.

ದೊಡ್ಡಕಲ್ಲಸಂದ್ರದ ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ. ಬೊಮ್ಮಸಂದ್ರ, ಸಿಂಗಸಂದ್ರಗಳಲ್ಲಿಯೂ ಅದೇ ಮಾತು. ಕಡಲನ್ನು ಕಾಣದ ಈ ಬಯಲುಸೀಮೆಯ ಹಿರಿಯರು ಕೆರೆ ಕಟ್ಟಿ, ತುಂಬಿದ ನೀರನ್ನು ಕಂಡು ಹಿಗ್ಗಿ ‘ಸಮುದ್ರ’ವೆಂದರು. ಕುಂಟೆಯೆಂದರೆ ಕೆರೆಗಿಂತ ಬಹು ಚಿಕ್ಕದು. ಕೋಣನಕುಂಟೆ ಎಂದಾಗ ಕೆಸರಿನಲ್ಲಿ ಸುಖವಾಗಿ ಮಲಗಿದ ಕೋಣ ಕಣ್ಣಮುಂದೆ ಬರುತ್ತದೆ. ತುರಹಳ್ಳಿಯ ಬಂಡೆಗುಡ್ಡವನ್ನು ನೋಡಿದಾಗಲೆಲ್ಲ ಹಳಗನ್ನಡ ತರಗತಿಯ ‘ತುರು’ ನೆನಪಾಗುತ್ತದೆ. ತುರು ಎಂದರೆ ದನ. ಇನ್ನು ನಮ್ಮೂರಿನ ಹೆಸರಿನಲ್ಲಿಯೂ ಬನ್ನೇರುಘಟ್ಟದಲ್ಲಿಯೂ ಇರುವ ‘ಘಟ್ಟ’ವು ಏರುದಾರಿಯನ್ನು ನೆನಪಿಗೆ ತರುತ್ತದೆ. ಹೊಳೆಗಳಿಗೆ ಮಾತ್ರ ವೃಷಭಾವತಿ, ಅರ್ಕಾವತಿ, ಸುವರ್ಣಮುಖಿ ಎಂಬ ಸಂಸ್ಕೃತದ ಒಡವೆಗಳು!

ಹೆಸರು ಬಿಡಿಸುವ ಚಪಲದಲ್ಲಿ ಮೋಸಹೋಗುವುದೂ ಉಂಟು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’ ಆಯಿತೆಂದು ನಾವೆಲ್ಲ ಕೇಳಿದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬಲ್ಲಾಳನು ಆಳಿದ್ದು ಅದಕ್ಕೆ ಸುಮಾರು ಮುನ್ನೂರು ವರ್ಷಗಳ ಅನಂತರ. ಕಥೆ ಸೊಗಸಾಗಿದೆ, ಕಲ್ಲು ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಇಷ್ಟೆಲ್ಲ ವಿನೋದವೆಂದೇ ನಾನು ತಿಳಿದಿದ್ದೆ. ನಮ್ಮ ತಂದೆಯವರು ನಿವೇಶನ ಕೊಂಡ ಬಡಾವಣೆಯ ಹೆಸರಿನಲ್ಲಿ ‘ಹಿಲ್ಸ್’ ಎಂದಿತ್ತು. ಗುಡ್ಡದ ಮೇಲೆ ಮನೆ ಎಂದು ಅಮ್ಮನಿಗೂ ಸಂತೋಷ. ನೆರೆಮನೆಯ ಅಜ್ಜಿಯೊಬ್ಬರು ಮಾತ್ರ, “ಕೋಡಿ ಹೊಲ್ದಾಗೆ ಮನೆ ಕಟ್ತೀರಾ, ಸ್ವಾಮಿ?” ಎಂದು ಕೇಳಿದರಂತೆ. ತಂದೆಯವರು ನಕ್ಕು ಸುಮ್ಮನಾದರು. 2022ರ ಮಳೆಗಾಲದ ಒಂದು ರಾತ್ರಿ ಮನೆಯೊಳಗೆ ಮೊಣಕಾಲುದ್ದ ನೀರು. ಅಮ್ಮ ಅಕ್ಕಿಯ ಡಬ್ಬಿಯನ್ನು ಮಂಚದ ಮೇಲಿಟ್ಟು ಬೆಳಗಿನವರೆಗೂ ಅದರ ಪಕ್ಕದಲ್ಲಿಯೇ ಕುಳಿತಿದ್ದರು.

ಮರುದಿನ ಅಜ್ಜಿ ಬಂದರು. ಹಿಂದಿನ ಮಾತನ್ನು ಎತ್ತಿ ಆಡಲಿಲ್ಲ. ಕೋಲು ಚಾಚಿ, “ಅಗೋ, ಅಲ್ಲಿ ಕೆರೆ ಏರಿ. ತುಂಬಿದ್ರೆ ಕೋಡಿ ಬೀಳ್ತಿದ್ದದ್ದು ಇಲ್ಲೇ ಕಣಪ್ಪ. ಹಳ್ಳ ಹಂಗೆ ಕೆಳಕ್ಕೆ ಹೋಗ್ತಿತ್ತು” ಎಂದು ತೋರಿಸಿದರು. ಕೋಲು ತೋರಿದ ಹಳ್ಳದ ಜಾಗದಲ್ಲಿ ಈಗ ನಮ್ಮ ಬೀದಿಯಿದೆ. ಕ್ರಯಪತ್ರದಲ್ಲಿ ಎಲ್ಲಿಯೂ ಕಾಣದ ಸಂಗತಿಯನ್ನು ಆ ಹೊಲದ ಹೆಸರು ಎರಡೇ ಅಕ್ಷರದಲ್ಲಿ ಹೇಳಿತ್ತು. ಕೇಳುವ ಕಿವಿ ನಮಗಿರಲಿಲ್ಲ.

ಅಜ್ಜಿ ಕಳೆದ ವರ್ಷ ತೀರಿಕೊಂಡರು. ‘ಕೋಡಿ ಹೊಲ’ ಎನ್ನುವವರು ಈಗ ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ಗೆಳೆಯರೆ, ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯರನ್ನು ಹೊಲ, ಹಳ್ಳ, ದಿಣ್ಣೆಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಎರಡು ಪುಟ ಕೊಡಬೇಕೆಂದು ಸಂಪಾದಕರನ್ನು ನಾನೇ ಬೇಡಿಕೊಳ್ಳುತ್ತೇನೆ.