ಬೆಟ್ಟ ನಮ್ಮದು, ತಂಪು ಅವರದು

ಊಟಿ, ಮಡಿಕೇರಿ ನೋಡಿ ಬಂದ ನೆಂಟರು ಬೆಳ್ತಂಗಡಿಯಲ್ಲಿ ಬಸ್ಸಿಳಿದು ಬೆವರು ಒರೆಸುತ್ತಾ ಕೇಳುವುದು ಒಂದೇ ಮಾತು: "ಇಷ್ಟೆಲ್ಲ ಬೆಟ್ಟ ಇಟ್ಟುಕೊಂಡು ನೀವ್ಯಾಕೆ ಒಂದು ಗಿರಿಧಾಮ ಮಾಡಲಿಲ್ಲ ಮಾರಾಯ್ರೆ?"

ಮಾಡುವುದು ಎಲ್ಲಿ? ಘಟ್ಟ ನಮ್ಮ ಕಡೆಗೆ ಮೆಲ್ಲಗೆ ಇಳಿಯುವುದಿಲ್ಲ, ಗೋಡೆಯ ಹಾಗೆ ನಿಂತುಬಿಡುತ್ತದೆ. ಕುದುರೆಮುಖದ ಸಾಲನ್ನು ಅಂಗಳದಿಂದಲೇ ನೋಡುವ ಭಾಗ್ಯ ನಮಗೆ, ಅದರ ತಂಪು ಮೇಲಿನವರಿಗೆ. ಚಾರ್ಮಾಡಿಯ ತಿರುವುಗಳನ್ನು ಸುತ್ತಿ ಸುತ್ತಿ ಹತ್ತಿದರೆ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರ. ಅಲ್ಲಿ ನೀರುದೋಸೆ ಬಲು ಪ್ರಸಿದ್ಧ. ಕರಾವಳಿಯ ಮನೆಮನೆಯಲ್ಲಿ ಬೆಳಗ್ಗೆ ಯಾರೂ ಲೆಕ್ಕಕ್ಕೇ ಇಡದ ದೋಸೆಗೂ ಹೆಸರು ಬರಬೇಕಾದರೆ ಘಟ್ಟ ಹತ್ತಬೇಕಾಯಿತು!

ವರ್ಷವಿಡೀ ಪ್ರವಾಸಿಗರನ್ನು ಕರೆಯೋಣವೆಂದರೆ ನಮ್ಮ ಕ್ಯಾಲೆಂಡರೂ ಸಹಕರಿಸುವುದಿಲ್ಲ. ದಿಡುಪೆಯ ಕಡಮಗುಂಡಿ, ಎರ್ಮಾಯಿ, ಬಂಡಾಜೆ ಅಬ್ಬಿಗಳು ಮೈದುಂಬುವುದು ಮಳೆಗಾಲದಲ್ಲಿ. ಮಳೆ ಜೋರಾದರೆ ಅಲ್ಲಿಗೆ ಪ್ರವೇಶ ನಿಷೇಧ. ನಿಷೇಧ ತೆಗೆದು ಕೆಲವು ತಿಂಗಳಾಗುವಾಗ ನೀರೇ ಸಣ್ಣದಾಗಿರುತ್ತದೆ. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲಿನದ್ದೂ ಇದೇ ಕತೆ. ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ, ಬೇಸಿಗೆಯಲ್ಲಿ ಬಂಡೆ ಸುಡುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗಲಂತೂ ಚಾರ್ಮಾಡಿ ರಸ್ತೆಯೇ ಘನ ವಾಹನಗಳಿಗೆ ತಿಂಗಳುಗಟ್ಟಲೆ ಬಂದ್.

ಅತ್ತ ಬಂಟ್ವಾಳದವರ ಲೆಕ್ಕವೇ ಬೇರೆ. ಘಟ್ಟದಲ್ಲಿ ಬಿದ್ದ ಮಳೆಯ ಮುಂದೆ ಪ್ರವಾಸಿಗರು ಸೆಲ್ಫಿ ತೆಗೆದರೆ, ಅದೇ ನೀರು ನೇತ್ರಾವತಿಯಾಗಿ ಪೇಟೆಯ ಎಷ್ಟನೇ ಮೆಟ್ಟಿಲಿಗೆ ಬಂತೆಂದು ಇವರು ನೋಡುತ್ತಿರುತ್ತಾರೆ. 1923ರ, 1974ರ ನೆರೆಯ ಸುದ್ದಿ ಎತ್ತಿದರೆ ಹಳಬರ ಮಾತು ಬೇಗ ಮುಗಿಯುವುದಿಲ್ಲ.

ಹಾಗೆಂದು ಇಲ್ಲಿಗೆ ಜನ ಬರುವುದಿಲ್ಲವೇ? ಧರ್ಮಸ್ಥಳದಲ್ಲಿ ಬಸ್ಸಿಗೆ ಜನ ಇಲ್ಲದ ದಿನ ತೋರಿಸಿ ನೋಡೋಣ. ಆಟಿ ಅಮಾವಾಸ್ಯೆಗೆ ಕಾರಿಂಜ ಮತ್ತು ನರಹರಿ ಪರ್ವತದಲ್ಲಿ ತೀರ್ಥಸ್ನಾನ, ಕಾರ್ತಿಕಕ್ಕೆ ಲಕ್ಷದೀಪ, ಚಳಿಗಾಲಕ್ಕೆ ಮೂಡುಬಿದಿರೆಯ ಕಂಬಳ, ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯವರೆಗೆ ರಾತ್ರಿ ಯಕ್ಷಗಾನ. ನಮ್ಮಲ್ಲಿ ಹವೆ ನೋಡಿ ಬರುವವರು ಕಡಿಮೆ, ಹರಕೆ ನೆನಪಾಗಿ ಬರುವವರು ಹೆಚ್ಚು. ಹವೆ ಕೈಕೊಡಬಹುದು, ಹರಕೆ ಬಿಡುವುದಿಲ್ಲ. ಬೋಟಿಂಗ್ ಕೆರೆ, ಹೂವಿನ ಪ್ರದರ್ಶನ ಒಂದೂ ಇಲ್ಲದೆ ಹನ್ನೆರಡು ತಿಂಗಳೂ ನಡೆಯುವ ಊರು ಇದು. ಇನ್ನು ಘಟ್ಟದ ತಪ್ಪಲನ್ನು ಕೊರೆದು ಸಾಲು ಸಾಲು ರೆಸಾರ್ಟ್ ಎಬ್ಬಿಸುವ ಉಪಕಾರವನ್ನು ಯಾರೂ ಮಾಡುವುದು ಬೇಡ.

ತಂಪೇ ಬೇಕೆಂದು ಹಟ ಹಿಡಿದ ನೆಂಟರಿಗೆ ನನ್ನಲ್ಲಿ ಮದ್ದುಂಟು. ಏಪ್ರಿಲ್ ಮಧ್ಯಾಹ್ನ ಅವರನ್ನು ಮೂಡುಬಿದಿರೆಗೆ ಕರೆದೊಯ್ದು, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯೊಳಗೆ ಬಿಡುತ್ತೇನೆ. ಆ ಕಲ್ಲಿನ ನೆರಳಲ್ಲಿ ಅರ್ಧ ಗಂಟೆ ಕೂತರೆ ಊಟಿಯ ಮಾತು ತಾನಾಗಿ ನಿಲ್ಲುತ್ತದೆ.

ನೀವೂ ಬನ್ನಿ, ಯಾವ ತಿಂಗಳಾದರೂ ಸರಿ. ಚಾರ್ಮಾಡಿಯ ತಿರುವಿನಲ್ಲಿ ಮಾತ್ರ ಕಾರು ಅಡ್ಡ ನಿಲ್ಲಿಸಿ ಒದ್ದೆ ಬಂಡೆ ಹತ್ತಬೇಡಿ. ಹಿಂದಿನ ಬಸ್ಸಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೊರಟವರೂ ಇರುತ್ತಾರೆ.