ಗುಪ್ತಪದ



ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಗುಜರಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹಳೆಯ ಯಂತ್ರದಲ್ಲೂ ನಡೆಯುತ್ತದೆ, ದುಡ್ಡೂ ಕೊಡಬೇಕಿಲ್ಲ ಎಂದು ತಿಳಿದು ಹಾಕಿಯೇಬಿಟ್ಟೆ. ಯಾವ ಭಾಷೆ ಎಂದು ಕೇಳಿತು. ಕನ್ನಡ ಎಂದೆ!

ಆದರೆ ವೈಫೈ ಕಾಣಿಸದು. ಆ ವೈಫೈ ಚಿಪ್ಪಿನ ಡ್ರೈವರನ್ನು ಬೇರೆಯಾಗಿ ತರಿಸಬೇಕು. ತರಿಸಲು ಇಂಟರ್‌ನೆಟ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು!

ಮಗನಿಗೆ ವೀಡಿಯೊ ಕರೆ ಮಾಡಿದೆ. "ಅಪ್ಪನ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಹಾಕು" ಎಂದ. ಇಂಟರ್‌ನೆಟ್ ಬಂತು. ಪರದೆ ತೋರಿಸಿದೆ. ಅವನು ಸುಮ್ಮನಾದ.

"ಅಮ್ಮಾ, ನನಗೆ ಓದಲು ಬರಲ್ಲ. ನೀನೇ ಓದು."

ನಾನು ಓದುತ್ತ ಹೋದೆ, ಅವನು ಹೇಳುತ್ತ ಹೋದ. ಯಂತ್ರ ಮತ್ತೆ ಶುರುವಾದಾಗ ನಮ್ಮ ರೌಟರಿನ ಹೆಸರು ಮೂಡಿತು, 'ಗುಪ್ತಪದ' ಕೇಳಿತು.

"ಹಾಗಂದ್ರೆ?"

"ಪಾಸ್‌ವರ್ಡ್ ಕಣೋ!"

ಅವನು ನಕ್ಕ, ನನಗೆ ನಗು ಬರಲಿಲ್ಲ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು ಅವನಿಗೆ ಇಂಗ್ಲಿಷ್ ಪಾಠವನ್ನೆಲ್ಲ ಹೇಳಿಕೊಟ್ಟೆ. ಕನ್ನಡ ಮಾತು ಬಂದರೆ ಸಾಕು, ಅಕ್ಷರ ಆಮೇಲೆ ಎಂದುಕೊಂಡೆ. ಆ 'ಆಮೇಲೆ' ಬರಲೇ ಇಲ್ಲ.

ಆ ಪದಗಳನ್ನು ಕನ್ನಡಕ್ಕೆ ತಂದವರಲ್ಲಿ ಎಷ್ಟೋ ಮಂದಿ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿದವರು. ಯಾರಿಗಾಗಿ?

ಈಗ ಪ್ರತಿ ಭಾನುವಾರ ಅದೇ ವೈಫೈಯಲ್ಲಿ ಮಗನಿಗೆ ಅ, ಆ, ಇ, ಈ ನಡೆದಿದೆ. ಈ ಪುಟವನ್ನು ನೀವೇ ಓದುತ್ತಿದ್ದರೆ ಸಂತೋಷ. ಅಮ್ಮ ಓದಿ ಹೇಳುತ್ತಿದ್ದರೆ, ಇಂದೇ ಅವರ ಪಕ್ಕದಲ್ಲಿ ಕುಳಿತು ಶುರುಮಾಡಿ.