ಒಂದು ರಾತ್ರಿಯ ವನವಾಸಕ್ಕೆ ಸಿದ್ಧತೆ

ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನು ಕಲಿಸಿ ನಿವೃತ್ತರಾದ ಉಪಾಧ್ಯಾಯರಿಗೆ ಪ್ರಶ್ನೆ ಕೇಳುವ ಅಭ್ಯಾಸವಿರುತ್ತದೆಯೇ ಹೊರತು ಉತ್ತರ ಹೇಳುವ ಅಭ್ಯಾಸವಿರುವುದಿಲ್ಲ. ಆದುದರಿಂದ ದೀಪಾವಳಿಯ ರಜೆಯಲ್ಲಿ ಉಡುಪಿಯ ನಮ್ಮ ಮನೆಗೆ ಬಂದಿದ್ದ ಹನ್ನೊಂದು ವರ್ಷದ ಮೊಮ್ಮಗಳು ಕೇಳಿದ ಒಂದು ಪ್ರಶ್ನೆಗೆ ನಾವು ನಿರುತ್ತರರಾದೆವು. ಅವಳಿಗೆ ರಾಮನು ಅಯೋಧ್ಯೆಯನ್ನು ಬಿಟ್ಟ ಮೊದಲನೆಯ ರಾತ್ರಿಯ ಕಥೆಯನ್ನು ಹೇಳುತ್ತಿದ್ದೆವು. ತಮಸಾ ನದಿಯ ತೀರ. ಬರಿಯ ನೀರನ್ನು ಕುಡಿದು ಮಲಗಿದ ರಾಮ. ಸುಮಂತ್ರನೊಡನೆ ಕೂಡಿ ಎಲೆಯ ಹಾಸಿಗೆಯನ್ನು ಸಿದ್ಧಪಡಿಸಿ, ತಾನು ಮಾತ್ರ ನಿದ್ರಿಸದೆ ಕಾದ ಲಕ್ಷ್ಮಣ. ಇಷ್ಟನ್ನೂ ರಸವತ್ತಾಗಿ ವರ್ಣಿಸಿ ಮುಗಿಸಿದಾಗ ಅವಳು, “ಅಜ್ಜಾ, ನೀವು ಕಾಡಿನಲ್ಲಿ ಎಷ್ಟು ಸಲ ಮಲಗಿದ್ದೀರಿ?” ಎಂದಳು.

ಒಂದು ಸಲವೂ ಇಲ್ಲ. ಅರಣ್ಯಕಾಂಡವನ್ನು ಎಷ್ಟೋ ತರಗತಿಗಳಿಗೆ ಪಾಠ ಹೇಳಿದವರು ನಾವು. ‘ಪರ್ಣಶಾಲೆ’ ಎಂಬ ಪದಕ್ಕೆ ವಿಗ್ರಹವಾಕ್ಯವನ್ನು ಹೇಳದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆದರೆ ಆ ಶಾಲೆಗೆ ಎಷ್ಟು ಗೂಟ ಬೇಕು, ಯಾವ ಗಂಟು ಹಾಕಬೇಕು, ಮಳೆ ಬಂದರೆ ನೀರು ಯಾವ ಕಡೆಗೆ ಹರಿಯಬೇಕು ಎಂಬುದನ್ನು ಯಾರನ್ನೂ ಕೇಳಲಿಲ್ಲ, ನಮಗೇ ತಿಳಿದಿರಲಿಲ್ಲ.

ಮೊಮ್ಮಗಳು ತನ್ನ ಶಾಲೆಯ ಗೈಡ್ಸ್ ದಳದಲ್ಲಿದ್ದಾಳೆ. ೧೯೦೭ರಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿಯು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು ಕರೆದೊಯ್ದು ಗುಡಾರಗಳಲ್ಲಿ ಇರಿಸಿದುದರಿಂದ ಆ ಚಳವಳಿಯು ಆರಂಭವಾಯಿತು. ನಮ್ಮ ದೇಶದ ಬೇರೆ ಬೇರೆ ಸಂಘಗಳು ಒಂದುಗೂಡಿ ೧೯೫೦ರಲ್ಲಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. ‘ಸಿದ್ಧರಾಗಿರಿ’ ಎಂಬುದು ಅವರ ಧ್ಯೇಯವಾಕ್ಯ. “ಹಾಗಾದರೆ ಈಗ ಸಿದ್ಧರಾಗಿ ಅಜ್ಜಾ, ನಾವು ಹೋಗೋಣ” ಎಂದು ಅವಳು ಹಟ ಹಿಡಿದಳು. ಮಣಿಪಾಲದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಮಾತಾಡದೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದನು.

ಅವನು ಸುಮ್ಮನಿದ್ದುದರ ಕಾರಣವನ್ನು ರಾತ್ರಿ ಮನೆಯಾಕೆಯು ನಮಗೆ ಜ್ಞಾಪಿಸಿದಳು. “ಇವನು ಒಂಬತ್ತನೆಯ ತರಗತಿಯಲ್ಲಿದ್ದಾಗ ಸ್ಕೌಟ್ ಶಿಬಿರಕ್ಕೆ ಹೋಗುತ್ತೇನೆಂದು ಕೇಳಿದ್ದನಲ್ಲ? ಹಾವು, ಜ್ವರ, ಪರೀಕ್ಷೆ ಎಂದು ಮೂರು ನೆಪ ಹೇಳಿ ನೀವು ಬೇಡವೆಂದಿರಿ. ಜೊತೆಯವರೆಲ್ಲ ಹೋದ ದಿನ ಹಿತ್ತಲಲ್ಲಿ ಕುಳಿತು ಅತ್ತನು. ಆಮೇಲೆ ನಿಮ್ಮಲ್ಲಿ ಏನನ್ನೂ ಕೇಳಿದವನಲ್ಲ.” ನಾವು ಅದನ್ನು ಮರೆತೇಬಿಟ್ಟಿದ್ದೆವು. ಬೇಡವೆಂದವನಿಗೆ ಮರೆಯುವುದು ಸುಲಭ. ಮರುದಿನ ಬೆಳಗ್ಗೆ ಮಗನೊಡನೆ, “ಕ್ರಿಸ್‌ಮಸ್ ರಜೆಯಲ್ಲಿ ಹೋಗೋಣ, ನಮ್ಮನ್ನೂ ಕರೆದುಕೊಂಡು ಹೋಗು” ಎಂದೆವು.

ಮೊದಲನೆಯ ವಿಚಾರ ಸ್ಥಳದ್ದು. ಕುದುರೆಮುಖದ ಕಾಡು ೧೯೮೭ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ರಾತ್ರಿ ತಂಗುವುದು ಅಪರಾಧ. ಆದುದರಿಂದ ಕಾರ್ಕಳ ತಾಲ್ಲೂಕಿನಲ್ಲಿ, ಘಟ್ಟದ ಬುಡದ ಮಾಳದಲ್ಲಿ, ಬಂಧುಗಳೊಬ್ಬರ ಬೆಟ್ಟುಗದ್ದೆಯನ್ನು ಆರಿಸಿದೆವು. ಅದು ಮಳೆಗಾಲದ ಒಂದೇ ಬೆಳೆಯ ಗದ್ದೆ. ಡಿಸೆಂಬರಿನಲ್ಲಿ ಒಣಗಿ ಸಮವಾಗಿರುತ್ತದೆ, ಮನೆಯು ಕೂಗಳತೆಯಲ್ಲಿದೆ. ಪಂಚವಟಿಯಲ್ಲಿ ರಾಮನು ಲಕ್ಷ್ಮಣನಿಗೆ ನೀರು, ಸಮಿತ್ತು, ದರ್ಭೆ, ಹೂವು ಹತ್ತಿರದಲ್ಲಿರುವ ನೆಲವನ್ನು ಹುಡುಕೆಂದು ಹೇಳಿದ್ದನ್ನು ನಾವು ಕೇವಲ ವರ್ಣನೆಯೆಂದು ತಿಳಿದಿದ್ದೆವು. ಅದು ಅನುಭವಸ್ಥನ ಮಾತೆಂದು ಈಗ ತಿಳಿಯಿತು. ನಮ್ಮ ಸೀಮೆಗೆ ಸಲ್ಲುವ ಎರಡು ನಿಯಮಗಳನ್ನು ಅದಕ್ಕೆ ಸೇರಿಸಿಕೊಳ್ಳಬೇಕು: ತೆಂಗಿನ ಮರದ ಕೆಳಗಾಗಲಿ ಒಣಗಿದ ಕೊಂಬೆಯ ಕೆಳಗಾಗಲಿ ಮಲಗಕೂಡದು, ತೋಡಿನ ಪಾತ್ರದಲ್ಲಿ ಗುಡಾರ ಹಾಕಕೂಡದು, ಅದು ಎಷ್ಟು ಒಣಗಿ ಕಂಡರೂ ಸರಿಯೇ.

ಎರಡನೆಯದು ಆರೋಗ್ಯ. ಮಳೆಗಾಲದಲ್ಲಾದರೆ ಇಂಬಳದ ಕಾಟ. ಬೇಸಗೆ ಮುಗಿಯುವವರೆಗಿನ ಒಣ ತಿಂಗಳುಗಳಲ್ಲಿ ಉಣುಗಿನ ಭಯ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದಲೇ ಮನುಷ್ಯರಿಗೆ ಬರುತ್ತದೆ. ಆದುದರಿಂದ ಸಮೀಪದ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿದೆವು. ಮಂಗ ಸತ್ತುಬಿದ್ದ ಕಡೆಗೆ ಹೋಗಬಾರದು, ತುಂಬುತೋಳಿನ ಅಂಗಿ ತೊಡಬೇಕು, ತರಗೆಲೆಯ ಮೇಲೆ ಕೂಡಬಾರದು, ಮರಳಿ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು ಎಂದು ಹೇಳಿದರು. ಇನ್ನು ಹಾವು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುವುದು ಕಟ್ಟುಹಾವಿನ ಸ್ವಭಾವ. ಆದುದರಿಂದ ಗುಡಾರದ ಬಾಗಿಲಿನ ಜಿಪ್ಪನ್ನು ಸದಾ ಮುಚ್ಚಿರಬೇಕು, ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬಾರದು, ಬೆಳಗ್ಗೆ ಪಾದರಕ್ಷೆಯನ್ನು ಕೊಡವಿ ಹಾಕಿಕೊಳ್ಳಬೇಕು. ಒಂದು ವೇಳೆ ಕಡಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಕೂಡದು; ಅಂಗವನ್ನು ಅಲುಗಿಸದೆ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಒಡನೆಯೇ ಒಯ್ಯತಕ್ಕದ್ದು. ಅಂದು ಮಗನನ್ನು ತಡೆಯುವಾಗ ಹಾವಿನ ಹೆಸರನ್ನು ಹೇಳಿದ್ದೆವು. ಹಾವಿನ ವಿಷಯವಾಗಿ ಇಷ್ಟನ್ನು ತಿಳಿದುಕೊಳ್ಳುವ ಶ್ರಮವನ್ನು ಮಾತ್ರ ತೆಗೆದುಕೊಂಡಿರಲಿಲ್ಲ.

ಮೂರನೆಯದು ಸಾಮಾನು. ನಮ್ಮ ಪಟ್ಟಿಯಲ್ಲಿ ಕಂಚಿನ ಲೋಟ, ಮಡಚುವ ಕುರ್ಚಿ, ಎರಡು ದಿಂಬು, ಮೂರು ಗ್ರಂಥಗಳು ಇದ್ದುವು. ತೂಕ ನೋಡಿದಾಗ ೧೯ ಕಿಲೋ! ಹೊರುವ ಭಾರವು ದೇಹದ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂದೂ, ನಮ್ಮ ವಯಸ್ಸಿಗೆ ಅದೂ ಹೆಚ್ಚೆಂದೂ ಮೊಮ್ಮಗಳು ತೀರ್ಪು ಕೊಟ್ಟಳು. ಕುರ್ಚಿ ಹೋಯಿತು, ದಿಂಬು ಹೋಯಿತು, ಗ್ರಂಥಗಳೂ ಹೋದುವು. ೭ ಕಿಲೋ ಉಳಿಯಿತು. ಚಾಪೆಯನ್ನು ಮಾತ್ರ ಬಿಡಲಿಲ್ಲ. ಹೊದಿಕೆಗಿಂತ ಹಾಸಿಗೆ ಮುಖ್ಯ. ಮೈಯ ಬಿಸಿಯನ್ನು ನೆಲವೇ ಬೇಗ ಎಳೆದುಕೊಳ್ಳುತ್ತದೆ. ಅಡಿಗೆಯ ಭಾಗ ಮನೆಯಾಕೆಯದು: ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ರಾತ್ರಿಗೆ ಗಂಜಿಯ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಸುಟ್ಟುಕೊಳ್ಳಲು ಹಪ್ಪಳ, ಕುಡಿಯುವುದಕ್ಕೆ ಕುದಿಸಿ ಆರಿಸಿದ ನೀರು.

ಗುಡಾರವನ್ನು ಹಾಕುವ ಅಭ್ಯಾಸವನ್ನು ಕಾಪುವಿನಲ್ಲಿ ಒಂದು ಸಂಜೆ ಮಾಡಿ ನಗೆಗೀಡಾದೆವು. ಅಲ್ಲಿಯ ದೀಪಸ್ತಂಭವು ೧೯೦೧ರಿಂದ ಕಡಲಿನ ಗಾಳಿಗೆ ಎದುರಾಗಿ ನಿಂತಿದೆ; ನಮ್ಮ ಗುಡಾರವು ಐದು ನಿಮಿಷವೂ ನಿಲ್ಲಲಿಲ್ಲ. ದೀಪಸ್ತಂಭದ ಕೆಳಗೆ ಬಂಡೆಯಿದೆ, ನಮ್ಮ ಗೂಟಗಳ ಕೆಳಗೆ ಮರಳಿತ್ತು. ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗಕ್ಕೆ ಕಟ್ಟಿ, ಆಳದಲ್ಲಿ ಹೂತರೆ ಮಾತ್ರ ಅಲ್ಲಿ ಹಿಡಿತ ಬರುತ್ತದೆಂದು ಆಮೇಲೆ ಕಲಿತೆವು.

ಎರಡನೆಯ ಅಭ್ಯಾಸ ನಮ್ಮ ಮನೆಯ ಅಂಗಳದಲ್ಲಿ, ಇಡೀ ರಾತ್ರಿಯದು. ಮೊಮ್ಮಗಳು ಮಲಗಿದೊಡನೆ ನಿದ್ರಿಸಿದಳು. ನಮಗೆ ಎರಡು ಗಂಟೆಗೆ ಎಚ್ಚರವಾಯಿತು. ಗುಡಾರದ ಒಳಮೈ ಒದ್ದೆಯಾಗಿತ್ತು. ಅದು ನಮ್ಮ ಉಸಿರೇ ಹನಿಗಟ್ಟಿದುದು. ಗಾಳಿಕಿಂಡಿಯನ್ನು ನಾವು ಚಳಿಗೆಂದು ಮುಚ್ಚಿದ್ದೆವು. ಕಿಂಡಿಯನ್ನು ತೆರೆಯಲು ಹೊರಗೆ ಬಂದಾಗ ಮಗನು ಮೆಟ್ಟಿಲ ಮೇಲೆ ಕುಳಿತಿದ್ದನು. ಕಾವಲೋ, ನಿದ್ರೆ ಬಾರದೆಯೋ ತಿಳಿಯಲಿಲ್ಲ. ಅವನ ಪಕ್ಕದಲ್ಲಿ ಕುಳಿತೆವು.

“ಆಗ ನಿನ್ನನ್ನು ಶಿಬಿರಕ್ಕೆ ಕಳುಹಿಸಬೇಕಾಗಿತ್ತು” ಎಂದೆವು.

“ಹೌದು ಅಪ್ಪಯ್ಯಾ” ಎಂದನು.

ಪರವಾಗಿಲ್ಲವೆನ್ನಲಿಲ್ಲ. ಹಾಗೆ ಅನ್ನದಿದ್ದುದು ನಮಗೆ ಒಳ್ಳೆಯದಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನು, “ಮಂಜಿಗೆ ಹಗ್ಗ ಸಡಿಲವಾಗಿದೆ, ಆ ಕಡೆ ಹಿಡಿಯಿರಿ” ಎಂದನು. ನಾವು ಹಿಡಿದೆವು, ಅವನು ಗಂಟನ್ನು ಬಿಗಿದನು. ಆ ಗಂಟನ್ನು ಯಾರು ಕಲಿಸಿದರೆಂದು ಕೇಳಿದೆವು. ಶಿಬಿರಕ್ಕೆ ಹೋಗಿ ಬಂದ ಸಹಪಾಠಿಯೊಬ್ಬನು ತರಗತಿಯಲ್ಲಿ ಕಲಿಸಿದನಂತೆ. ಬೆರಳಿಗೆ ಅಂದಿನಿಂದ ಜ್ಞಾಪಕವಿದೆ. ಅದನ್ನು ನಮಗೆ ಮೂರು ಸಲ ತೋರಿಸಿಕೊಟ್ಟನು.

ನಾಳೆ ಬೆಳಗ್ಗೆ ಹೊರಡುತ್ತೇವೆ. ದಾರಿಯಲ್ಲಿ ಕಾರ್ಕಳದ ಗುಡ್ಡದ ಮೇಲಿನ ಬಾಹುಬಲಿಯನ್ನು ನೋಡಿಕೊಂಡು ಮುಂದೆ ಹೋಗುವುದೆಂದು ನಿಶ್ಚಯವಾಗಿದೆ. ವೀರಪಾಂಡ್ಯನು ೧೪೩೨ರಲ್ಲಿ ನಿಲ್ಲಿಸಿದ ಆ ಸುಮಾರು ೪೨ ಅಡಿಯ ಮೂರ್ತಿಯು ಕೊಡೆಯಿಲ್ಲದೆ, ಮಾಡಿಲ್ಲದೆ ಆರುನೂರರ ಹತ್ತಿರದ ಮಳೆಗಾಲಗಳನ್ನು ಕಳೆದಿದೆ. ಒಂದು ರಾತ್ರಿಗಾಗಿ ೭ ಕಿಲೋ ಹೊತ್ತ ನಮ್ಮನ್ನು ಕಂಡು ಅದು ನಕ್ಕರೆ ನಗಲಿ.

ಇಷ್ಟನ್ನು ಬರೆಯುತ್ತಿರುವಾಗ ಮನೆಯಾಕೆಯು ಬಂದು, “ಮೂವರ ಪಟ್ಟಿ ಮಾಡಿದಿರಿ, ನನ್ನನ್ನು ಯಾರಾದರೂ ಕೇಳಿದಿರಾ?” ಎಂದಳು. ಒಂದು ಮನೆಯಲ್ಲಿ ಅದೇ ತಪ್ಪನ್ನು ಎರಡು ಸಲ ಮಾಡಕೂಡದು. ಲೇಖನಿಯನ್ನು ಕೆಳಗಿಟ್ಟು ನಾಲ್ಕನೆಯ ಚಾಪೆಯನ್ನು ಹುಡುಕಲು ಅಟ್ಟವನ್ನು ಹತ್ತುತ್ತಿದ್ದೇವೆ.